ನಿಧಾನವೆಂಬ ನನ್ನ ಮೌಲ್ಯ

ಹೊಸ ವರ್ಷದ ಸಂಕಲ್ಪಗಳ ವಿಷಯದಲ್ಲಿ ನಾನು ಅನುಭವಸ್ಥ. ಪಾಲಿಸಿದ ಅನುಭವ ಅಷ್ಟಕ್ಕಷ್ಟೆ, ಮುರಿದ ಅನುಭವ ಮಾತ್ರ ಧಾರಾಳವಾಗಿದೆ. ಸಂಕಲ್ಪ ಮುರಿದಾಗ ಜನ ನಾಚಿಕೊಳ್ಳುತ್ತಾರೆ, ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ ಎಂದೆಲ್ಲ ಕೇಳಿದ್ದೇನೆ. ನನಗೆ ಹಾಗೇನೂ ಆಗುವುದಿಲ್ಲ. ಮದುವೆಮನೆಯಿಂದ ಬಂದವನು ಬಿಗಿ ಪ್ಯಾಂಟು ಬಿಚ್ಚಿ ಪಂಚೆ ಸುತ್ತಿಕೊಂಡಾಗ ಸಿಗುವ ಸುಖವೇ ನನಗೆ ಆಗ ಸಿಗುತ್ತದೆ. ಜನವರಿ ಒಂದನೇ ತಾರೀಖು ಹುಟ್ಟಿದ ಸಂಕಲ್ಪ ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಹೇಳದೆ ಕೇಳದೆ ಹೊರಟುಹೋಗುತ್ತದೆ. ಆಮೇಲೆ ವರ್ಷವಿಡೀ ನೆಮ್ಮದಿ. ಇಂಥ ಒಳ್ಳೆಯ ವ್ಯವಸ್ಥೆಯನ್ನು ಈ ಸಲ ಕೆಡಿಸಿದವಳು ನನ್ನ ಹೆಂಡತಿ ಶಾರದೆ.

ನಮ್ಮದು ಬಾಳೂರಿನ ಹತ್ತಿರ ಒಂದು ಸಣ್ಣ ಕಾಫಿ ತೋಟ. ನಮ್ಮ ಕಡೆ ಹೊಸ ವರ್ಷ ಬರುವುದೇ ಬರಬಾರದ ಹೊತ್ತಿನಲ್ಲಿ. ಗಿಡದಲ್ಲಿ ಹಣ್ಣು, ಕಣದಲ್ಲಿ ಹಣ್ಣು, ಚೀಲದಲ್ಲಿ ಹಣ್ಣು, ಕೊಯ್ಯುವ ಆಳುಗಳಿಗಾಗಿ ಒಬ್ಬರ ಬಾಗಿಲಿಗೆ ಒಬ್ಬರು ಅಲೆಯುವ ಕಾಲ ಅದು. ಗುಡ್ಡದ ಆಚೆಯ ಹೋಂಸ್ಟೇಯಿಂದ ಪಟಾಕಿ ಸದ್ದು ಕೇಳಿದರೆ ಹಳೇ ವರ್ಷ ಮುಗಿಯಿತು ಎಂದು ತಿಳಿಯಬೇಕು. ಬೆಳಗ್ಗೆ ಎದ್ದು ನೋಡಿದರೆ ಅದೇ ಮಂಜು, ಅದೇ ಹಣ್ಣು. ಹೊಸದು ಅನ್ನುವುದಕ್ಕೆ ಏನಾದರೂ ಒಂದು ಬೇಡವೇ? ಆ ಕೊರತೆ ತುಂಬಲಿಕ್ಕೆಂದೇ ನಾನು ವರ್ಷವರ್ಷವೂ ಒಂದೊಂದು ಸಂಕಲ್ಪ ಮಾಡುತ್ತಿದ್ದೆ.

ಒಂದು ವರ್ಷ ಬೆಳಗಿನ ವಾಕಿಂಗ್ ಎಂದು ನಿರ್ಧರಿಸಿದೆ. ಇಡೀ ದಿನ ಗುಡ್ಡ ಹತ್ತಿ ಇಳಿಯುವ ಮನುಷ್ಯನಿಗೆ ವಾಕಿಂಗ್ ಯಾಕೆ ಎಂದು ಶಾರದೆ ಕೇಳಿದಳು. ತೋಟದಲ್ಲಿ ನಡೆಯುವುದು ಕೆಲಸ, ಟಾರು ರಸ್ತೆಯಲ್ಲಿ ನಡೆಯುವುದು ವ್ಯಾಯಾಮ ಎಂದು ವಿವರಿಸಿ, ಬಿಳಿ ಶೂ ಹಾಕಿಕೊಂಡು ಹೊರಟೆ. ಮಂಜು ಇನ್ನೂ ರಸ್ತೆಯ ಮೇಲೆಯೇ ಮಲಗಿತ್ತು. ಅದರೊಳಗಿಂದ ಮೊದಲು ಎರಡು ಮಂಕು ದೀಪ ಬಂದವು, ಆಮೇಲೆ ಒಂದು ಜೀಪು ಬಂತು. ಡ್ರೈವರು ನಿಲ್ಲಿಸಿ, ಎಲ್ಲಿಗೆ ಹೊರಟ್ರಿ, ಹತ್ತಿ ಎಂದ. ಎಲ್ಲಿಗೂ ಇಲ್ಲ ಎಂದೆ. ಎಲ್ಲಿಗೂ ಹೋಗದವನು ಆ ಹೊತ್ತಿನಲ್ಲಿ ಬಿಳಿ ಶೂ ಹಾಕಿ ರಸ್ತೆಯಲ್ಲಿ ಯಾಕಿದ್ದಾನೆಂದು ಜೀಪಿನ ಒಳಗಿದ್ದವರೆಲ್ಲ ಇಣುಕಿ ನೋಡಿದರು. ಮನೆಯಲ್ಲಿ ಏನಾದರೂ ಜಗಳವೇ ಎಂದು ಒಬ್ಬ ಅಜ್ಜಿ ಮೆಲ್ಲಗೆ ವಿಚಾರಿಸಿದರು. ಕರೆದವರ ಜೀಪು ಹತ್ತದಿದ್ದರೆ ನಮ್ಮಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ. ಹತ್ತಿದೆ. ಬಣಕಲ್‌ನಲ್ಲಿ ಇಳಿದು, ಬಂದ ತಪ್ಪಿಗೆ ಬನ್ಸ್ ತಿಂದು, ಬಸ್ಸಿನಲ್ಲಿ ವಾಪಸಾದೆ. ಮಾರನೇ ದಿನವೂ ಹೀಗೆಯೇ ಆಯಿತು. ವಾಕಿಂಗಿನಿಂದ ನನ್ನ ತೂಕ ಏರುತ್ತಿರುವುದನ್ನು ನೋಡಿ ಶಾರದೆಯೇ ಆ ಶೂಗಳನ್ನು ಅಟ್ಟಕ್ಕೆ ಹಾಕಿದಳು.

ಇನ್ನೊಂದು ವರ್ಷ ಬೆಳಗಿನ ಜಾವ ಏಳುವ ಸಂಕಲ್ಪ. ಎದ್ದೆ, ನಿಜ. ಆದರೆ ಜಗಲಿಗೆ ಬಂದರೆ ಅಂಗಳವೇ ಇರಲಿಲ್ಲ, ಗೇಟೂ ಇರಲಿಲ್ಲ. ಬೆಳ್ಳಗೆ ಮಂಜು, ಅದರೊಳಗೆ ಎಲ್ಲೋ ಒಂದು ಹಕ್ಕಿಯ ಸಿಳ್ಳೆ. ನಾನು ಎದ್ದಿದ್ದೇನೋ ಅಥವಾ ಎದ್ದಂತೆ ಕನಸು ಕಾಣುತ್ತಿದ್ದೇನೋ ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಅನುಮಾನ ಇರುವಾಗ ಮಲಗುವುದೇ ಕ್ಷೇಮವೆಂದು ಒಳಗೆ ಹೋಗಿ ಮಲಗಿದೆ.

ಹೀಗಿರುವಾಗ ಕಳೆದ ಡಿಸೆಂಬರಿನಲ್ಲಿ ಶಾರದೆ ಯಾವುದೋ ತರಬೇತಿಗೆ ಹೋಗಿ ಬಂದಳು. ಅವಳು ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅಲ್ಲಿ ಭಾಷಣ ಮಾಡಿದ ಹೆಣ್ಣುಮಗಳೊಬ್ಬರು, ಹೊಸ ವರ್ಷಕ್ಕೆ ಸಂಕಲ್ಪ ಮಾಡಬೇಡಿ, ಒಂದು ಮೌಲ್ಯ ಆರಿಸಿಕೊಳ್ಳಿ ಎಂದರಂತೆ. ಏನು ಮಾಡಬೇಕು, ಏನು ಬಿಡಬೇಕು ಎಂಬುದಲ್ಲ, ಎಂಥ ಮನುಷ್ಯರಾಗಿ ಇರಬೇಕು ಎಂಬುದು ಮುಖ್ಯವಂತೆ. ಅದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದಂತೆ. ಶಾರದೆ ಅದನ್ನು ಹೇಳುವಾಗ ದೋಸೆ ಮಗುಚುತ್ತಿದ್ದಳು. ಹಾಗಾದರೆ ನೀನು ಯಾವುದು ಆರಿಸಿಕೊಂಡೆ ಎಂದು ಕೇಳಿದೆ. ತನಗೆ ಅದಕ್ಕೆಲ್ಲ ಪುರುಸೊತ್ತಿಲ್ಲ, ಇದು ನಿಮಗೆಂದೇ ಕೇಳಿಸಿಕೊಂಡು ಬಂದದ್ದು ಎಂದಳು.

ಮೌಲ್ಯ ಆರಿಸುವುದು ಸೀರೆ ಆರಿಸಿದ ಹಾಗೆ ಸುಲಭವಲ್ಲ. ಮೊದಲು ಸತ್ಯದ ಬಗ್ಗೆ ಯೋಚಿಸಿದೆ. ಚಿತ್ರಾನ್ನ ಹೇಗಾಗಿದೆ ಎಂದು ದಿನಾ ಕೇಳುವ ಮನೆಯಲ್ಲಿ ಸತ್ಯ ಇಟ್ಟುಕೊಂಡು ಬದುಕುವುದು ಕಷ್ಟ ಅನಿಸಿತು. ಧೈರ್ಯ ಎಂದುಕೊಂಡೆ, ಅಷ್ಟರಲ್ಲಿ ಬಚ್ಚಲಲ್ಲಿ ಜೇಡ ಕಂಡಿತು. ಸರಳತೆ ಚೆನ್ನಾಗಿಯೇ ಇದೆ, ಆದರೆ ನಮ್ಮ ತೋಟದ ಇಳುವರಿ ನಮ್ಮನ್ನು ಆಗಲೇ ಸರಳ ಮಾಡಿಟ್ಟಿದೆ, ನಾನು ಹೊಸದಾಗಿ ಶ್ರಮಪಡುವುದೇನೂ ಉಳಿದಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಕಾಫಿ ಒಣಗಿಸುವ ಕಣದ ಬದಿಯ ಹಲಸಿನ ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದಾಗ ನನಗೆ ನನ್ನ ಮೌಲ್ಯ ಹೊಳೆಯಿತು. ನಿಧಾನ. ಜಗತ್ತೆಲ್ಲ ಓಡುತ್ತಿದೆ, ನಾನು ಓಡಬಾರದು. ಏನೇ ಬಂದರೂ ಅವಸರಪಡದೆ ನೋಡಬೇಕು, ಯೋಚಿಸಿ ಏಳಬೇಕು, ಮೆಲ್ಲಗೆ ನಡೆಯಬೇಕು. ಯೋಚಿಸುತ್ತ ಹೋದಷ್ಟೂ ನಾನು ಹುಟ್ಟಿದಾಗಿನಿಂದ ಇದೇ ಮೌಲ್ಯದ ಪ್ರಕಾರ ಬದುಕಿ ಬಂದವನೆಂದು ಖಚಿತವಾಯಿತು. ಶಾರದೆಗೆ ಹೇಳಿದೆ. ಅವಳು, "ಅದಕ್ಕೆ ಇಷ್ಟು ದಿನ ಈ ಮನೇಲಿ ಸೋಮಾರಿತನ ಅಂತ ಹೆಸರಿತ್ತು" ಎಂದು ಹೇಳಿ ಕಾಪಿ ಪುಸ್ತಕ ತಿದ್ದಲು ಕೂತಳು.

ಈಗ ಉಪೇಂದ್ರನ ವಿಷಯ ಹೇಳಬೇಕು. ನಮ್ಮ ಕಣದಿಂದ ನೋಡಿದರೆ ಕೆಳಗೆ ಒಂದು ಸಣ್ಣ ಗದ್ದೆಬಯಲು, ಅದರ ಆಚೆ ಎದುರು ಗುಡ್ಡದಲ್ಲಿ ಉಪೇಂದ್ರನ ಕಣ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಮ್ಮ ಮನೆಯ ಅಡಿಗೆಮನೆಯಲ್ಲಿ ಅವನಿಗೆಂದೇ ಒಂದು ದೊಡ್ಡ ಲೋಟ ಇದೆ, ಬಂದಾಗ ಅದರ ತುಂಬ ಕಾಫಿ ಕೊಡಬೇಕು, ಸಾಮಾನ್ಯ ಲೋಟ ಕೊಟ್ಟರೆ ಇದು ಮದ್ದು ಕುಡಿಸುವ ಲೋಟವಾ ಎಂದು ಶಾರದೆಯನ್ನು ರೇಗಿಸುತ್ತಿದ್ದ. ಹೋದ ವರ್ಷ ಜನವರಿ ಒಂದರಂದು ಅವನು ಬಂದು ಜಗಲಿಯಲ್ಲಿ ಕೂತ. ಶಾರದೆ ವಾಡಿಕೆಯಂತೆ ಆ ಲೋಟದಲ್ಲಿ ಕಾಫಿ ತಂದಳು. ಅವನು ಕೈ ಅಡ್ಡ ಹಿಡಿದು, ಬೇಡ, ಇವತ್ತಿನಿಂದ ಕಾಫಿ ಬಿಟ್ಟಿದ್ದೇನೆ, ಹೊಸ ವರ್ಷದ ಸಂಕಲ್ಪ ಎಂದ. ಆರೋಗ್ಯಕ್ಕೆ ಒಳ್ಳೆಯದಲ್ಲವಂತೆ, ಫೋನಿನಲ್ಲಿ ಯಾರೋ ಹೇಳಿದರಂತೆ.

ಕಾಫಿ ಬೆಳೆಯುವವನು ಕಾಫಿ ಬೆಳೆಯುವವನ ಜಗಲಿಯಲ್ಲಿ ಕೂತು, ಕಣದಲ್ಲಿ ಕಾಫಿ ಒಣಗುತ್ತಿರುವಾಗ ಆಡುವ ಮಾತೇ ಅದು? ಶಾರದೆ ಲೋಟ ಹಿಡಿದುಕೊಂಡು ಹಾಗೇ ನಿಂತಳು. ಒಂದು ಗುಟುಕಾದರೂ ಕುಡಿಯಿರಿ ಎಂದಳು. ಅವನು ಸಂಕಲ್ಪ ಸಂಕಲ್ಪವೇ ಎಂದ. ನನಗೆ ರೇಗಿತು, ಹಾಗಾದರೆ ವರ್ಷವರ್ಷ ಚೀಲ ಹೊಲಿದು ಊರಿಗೆಲ್ಲ ಮಾರುವುದು ಎಂಥದು ಮಾರಾಯ, ವಿಷವೋ ಎಂದು ಕೇಳಿದೆ. ಅವನು ಎದ್ದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಗದ್ದೆ ಬದು ಹಿಡಿದು ಹೋದವನು ಮತ್ತೆ ಈ ಕಡೆ ಬರಲಿಲ್ಲ. ನಾನೂ ಹೋಗಲಿಲ್ಲ. ಶಾರದೆ ಆ ಲೋಟವನ್ನು ತೊಳೆದು ಮೇಲಿನ ಗೂಡಿನಲ್ಲಿ ಬೋರಲು ಹಾಕಿದಳು. ಅವಳಿಗೆ ಆದ ನೋವು ನನಗಿಂತ ಹೆಚ್ಚಿನದು. ಮನೆಗೆ ಬಂದವರು ಹಾಗೇ ಎದ್ದುಹೋದದ್ದು ಅವಳ ಸಂಸಾರದಲ್ಲಿ ಅದೇ ಮೊದಲು.

ಹಾಗೆಂದು ನಾವು ಒಬ್ಬರಿಗೊಬ್ಬರು ಕಾಣದೆ ಇದ್ದೆವು ಎಂದಲ್ಲ. ಎರಡು ಕಣಗಳೂ ಎದುರುಬದುರು. ಅವನು ಕಾಲಿನಿಂದ ಸಾಲು ಎಳೆಯುತ್ತ ಕಾಫಿ ಕೆದಕುವುದು ನನಗೆ ಕಾಣುತ್ತದೆ, ನಾನು ಕುರ್ಚಿಯಲ್ಲಿ ತೂಕಡಿಸುವುದು ಅವನಿಗೆ ಕಾಣುತ್ತದೆ. ಮಾತಿಲ್ಲದೆ ಒಂದು ವರ್ಷ ಒಬ್ಬನನ್ನು ನೋಡುತ್ತ ಕೂರುವುದು ವಿಚಿತ್ರ ಅನುಭವ. ಸಂಜೆ ಬಿಸಿಲು ಅವನ ಕಣದ ಮೇಲೆ ಕೊನೆಗೆ ಬೀಳುತ್ತದೆ, ಒಣಗಿದ ಹಣ್ಣೆಲ್ಲ ಕಂದು ಬಣ್ಣಕ್ಕೆ ಹೊಳೆಯುತ್ತದೆ, ಅದರ ನಡುವೆ ಅವನು ಸಣ್ಣಗೆ ಓಡಾಡುತ್ತಾನೆ. ಒಂದು ಸಲ ಕೂಗಿದರೆ ಕೇಳುವಷ್ಟೇ ದೂರ. ಕೂಗಬೇಕೆಂದು ಎಷ್ಟೋ ಸಲ ಬಾಯಿವರೆಗೆ ಬಂದಿತ್ತು. ಅವನೇ ಮೊದಲು ಕೂಗಲಿ ಎಂದು ಸುಮ್ಮನಾಗುತ್ತಿದ್ದೆ.

ಈ ಜನವರಿಯ ಒಂದು ಭಾನುವಾರ. ಆಳುಗಳಿಗೆ ರಜೆ. ಉಪೇಂದ್ರನ ಮನೆಯವರೆಲ್ಲ ನೆಂಟರ ಮಗುವಿನ ಅನ್ನಪ್ರಾಶನಕ್ಕೆಂದು ಬೆಳಗ್ಗೆಯೇ ಜೀಪಿನಲ್ಲಿ ಹೊರನಾಡಿಗೆ ಹೋಗಿದ್ದರು. ನಾನು ಊಟ ಮುಗಿಸಿ ಹಲಸಿನ ನೆರಳಲ್ಲಿ ಕೂತು ನನ್ನ ಮೌಲ್ಯವನ್ನು ಪಾಲಿಸುತ್ತಿದ್ದೆ. ಕಣ ಕಾಯುವ ಕೆಲಸದಷ್ಟು ಒಳ್ಳೆಯ ಕೆಲಸ ನಮ್ಮ ಸೀಮೆಯಲ್ಲಿ ಬೇರೆ ಇಲ್ಲ. ಹಣ್ಣಿನ ಹುಳಿಸಿಹಿ ವಾಸನೆಗೆ ಕಣ್ಣು ಮೆಲ್ಲಗೆ ಎಳೆಯುತ್ತದೆ. ಕೋಳಿಯೊಂದು ಕಾಫಿಯ ಮೇಲೆ ನಡೆದರೆ ಆ ಸದ್ದೂ ನಿದ್ದೆಯೊಳಗೇ ಬಂದು ಸೇರುತ್ತದೆ. ಎಲ್ಲಿ ಎಚ್ಚರ ಮುಗಿದು ಎಲ್ಲಿ ಕನಸು ಶುರುವಾಯಿತೆಂದು ಗೊತ್ತಾಗುವುದಿಲ್ಲ. ಹಾಗೆ ಅರ್ಧ ಮುಚ್ಚಿದ ಕಣ್ಣಲ್ಲಿ ಚಾರ್ಮಾಡಿಯ ಕಡೆಯಿಂದ ಒಂದು ಮೋಡ ಬರುವುದು ಕಂಡಿತು. ಚೆನ್ನಾಗಿತ್ತು. ಮೋಡದಷ್ಟು ನಿಧಾನ ಗೊತ್ತಿರುವವರು ಯಾರಿದ್ದಾರೆ ಎಂದುಕೊಂಡೆ. ಅದು ಬೂದು ಬಣ್ಣಕ್ಕೆ ತಿರುಗಿತು. ಆಮೇಲೆ ಕಪ್ಪಗಾಯಿತು. ಗಾಳಿಯಲ್ಲಿ ಮಣ್ಣಿನ ವಾಸನೆ ಬಂತು.

ಜನವರಿಯಲ್ಲಿ ಮಳೆ ಎಂದರೆ ಕಾಫಿಯವರಿಗೆ ಎದೆ ಹಾರುವ ಮಾತು. ವಾರಗಟ್ಟಲೆ ಒಣಗಿಸಿದ ಹಣ್ಣು ಒಂದು ಮಳೆಗೆ ನೆಂದರೆ ಬೂಸಲು ಹಿಡಿಯುತ್ತದೆ, ವರ್ಷದ ದುಡಿಮೆ ಹಾಳು. ಮೋಡ ಕಂಡ ಕೂಡಲೇ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಬೇಕು. ನಾನು ಎದ್ದು ನಿಂತೆ. ಯೋಚಿಸಿ ಎದ್ದೆನೆಂದು ಹೇಳಲಾರೆ. ಎದುರು ಗುಡ್ಡದಲ್ಲಿ ಉಪೇಂದ್ರನ ಕಣ ಉದ್ದಕ್ಕೂ ಹರಡಿಕೊಂಡಿತ್ತು. ಅಲ್ಲಿ ಒಂದು ನಾಯಿ ಕೂಡ ಇರಲಿಲ್ಲ.

ಶಾರದೆ ಮನೆಯೊಳಗಿಂದ ಟಾರ್ಪಾಲು ಎಳೆದುಕೊಂಡು ಬರುವಾಗ ನಾನು ಗದ್ದೆಗೆ ಇಳಿದಾಗಿತ್ತು. ನಮ್ಮ ಕಣ ಇಲ್ಲಿದೆ, ನೀವು ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಅವಳು ಹಿಂದಿನಿಂದ ಕೂಗಿದ್ದು ಕೇಳಿಸಿತು. ನನಗೂ ಗೊತ್ತಿದ್ದರೆ ಹೇಳುತ್ತಿದ್ದೆ. ಬದುವಿನ ಮೇಲೆ ಓಡಲು ಹೋಗಿ ಜಾರಿದೆ, ಮೊಳಕಾಲವರೆಗೂ ಕೆಸರಾಯಿತು. ಕಣದ ಹತ್ತಿರ ಬೇಲಿ ದಾಟುವಾಗ ಮುಳ್ಳು ಗೀರಿತು, ಒಂದು ಕಾಲಿನ ಚಪ್ಪಲಿ ಎಲ್ಲೋ ಉಳಿಯಿತು. ಅವನ ಕಣದ ಮೂಲೆಯಲ್ಲಿದ್ದ ಮರದ ಹಲಗೆ ಹಿಡಿದು ಕಾಫಿ ತಳ್ಳತೊಡಗಿದೆ. ಚೆನ್ನಾಗಿ ಒಣಗಿ ಬಂದ ಕಾಫಿ, ಗಲಗಲ ಎನ್ನುತ್ತಿತ್ತು. ಒಬ್ಬನಿಂದ ಆಗುವ ಕೆಲಸವಲ್ಲ ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಹಲಗೆಯ ಸದ್ದು ಕೇಳಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಶಾರದೆ ಕಾಫಿ ತಳ್ಳುತ್ತಿದ್ದಳು.

"ನಮ್ಮದು?" ಎಂದೆ.

"ನಮ್ಮದು ಮೊನ್ನೆ ಹಾಕಿದ್ದು, ಇನ್ನೂ ಹಸಿ. ನೆಂದ್ರೆ ಮತ್ತೆ ಒಣಗತ್ತೆ. ಇದು ಒಣಗಿದ್ದು, ನೆಂದ್ರೆ ಹೋಯ್ತು. ಮಾತು ಬಿಟ್ಟು ತಳ್ಳಿ. ಅವರ ಟಾರ್ಪಾಲು ಬಚ್ಚಲ ಹಿಂದೆ ಇರತ್ತೆ, ತನ್ನಿ."

ತಂದೆ. ಇಬ್ಬರೂ ಸೇರಿ ಮುಚ್ಚಿದೆವು, ಅಂಚಿಗೆಲ್ಲ ಕಲ್ಲು ಹೇರಿದೆವು. ಆಮೇಲೆ ಏದುಸಿರು ಬಿಡುತ್ತ ಮೇಲೆ ನೋಡಿದರೆ ಮಳೆ ಬಂದಿತ್ತು. ನಮ್ಮ ಗುಡ್ಡಕ್ಕೆ. ಬಿಳಿ ತೆರೆಯ ಹಾಗೆ ಇಳಿದು ನಮ್ಮ ಹಲಸಿನ ಮರ, ನನ್ನ ಕುರ್ಚಿ, ನಮ್ಮ ಕಣ ಎಲ್ಲವನ್ನೂ ತೋಯಿಸುತ್ತಿತ್ತು. ಗದ್ದೆಯ ಮಧ್ಯಕ್ಕೆ ಬಂದು ನಿಂತಿತು. ಈ ಕಡೆ ಒಂದು ಹನಿಯೂ ಬೀಳಲಿಲ್ಲ. ಉಪೇಂದ್ರನ ಒಣ ಕಣದಲ್ಲಿ, ಬಿಸಿಲಿನಲ್ಲಿ ನಿಂತು ನಾವು ನಮ್ಮ ಕಾಫಿ ನೆನೆಯುವುದನ್ನು ನೋಡಿದೆವು. ಒಂದು ಕಾಫಿ ಕುಡಿಯುವಷ್ಟು ಹೊತ್ತು ಸುರಿದು ಮಳೆ ಕಳಸದ ಕಡೆಗೆ ಹೊರಟುಹೋಯಿತು. ಶಾರದೆ ನಗಲು ಶುರುಮಾಡಿದಳು. ನಕ್ಕು ನಕ್ಕು ಸಾಕಾಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕಾಫಿ ನೆನೆದವನಿಗೆ ಆಗಬಾರದಷ್ಟು ಸಂತೋಷ ನನಗೂ ಆಯಿತು, ಯಾಕೆಂದು ಆಗ ತಿಳಿಯಲಿಲ್ಲ.

ಮನೆಗೆ ಬಂದು ನಮ್ಮ ಕಾಫಿಯ ನೀರು ಬಸಿದು ಹರಡುವಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತು. ಆಗ ಒಂದು ಪ್ರಶ್ನೆ ಎದ್ದಿತು. ಮುಚ್ಚಿದ ಕಾಫಿಯನ್ನು ಹೋಗಿ ತೆರೆಯಬೇಕೋ ಬೇಡವೋ? ತೆರೆಯದಿದ್ದರೆ ಪ್ಲಾಸ್ಟಿಕ್ಕಿನ ಕೆಳಗೆ ಬಿಸಿಗೆ ಬೆವರುತ್ತದೆ. ತೆರೆದರೆ ಮತ್ತೆ ಮೋಡ ಬಂದರೆ? ಮಾತುಬಿಟ್ಟವರ ಕಣಕ್ಕೆ ಒಂದೇ ದಿನ ಎರಡು ಸಲ ಹೋಗುವುದು ಸರಿಯೇ? ಈ ವಿಷಯದಲ್ಲಿ ಅವಸರ ಮಾಡಬಾರದು, ನನ್ನ ಮೌಲ್ಯಕ್ಕೆ ಇದೇ ಪರೀಕ್ಷೆ ಎಂದು ಒದ್ದೆ ಕುರ್ಚಿಯನ್ನು ಒರೆಸಿ ಕೂತು ನಿಧಾನವಾಗಿ ಯೋಚಿಸಿದೆ. ಯೋಚಿಸುತ್ತ ಕಣ್ಣು ಹತ್ತಿತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು, ಗದ್ದೆ ಬದುವಿನ ಮೇಲೆ ಉಪೇಂದ್ರ ಬರುತ್ತಿದ್ದ. ಮೈಮೇಲೆ ಸಮಾರಂಭದ ಬಿಳಿ ಶರ್ಟು, ಪಂಚೆ. ಕೈಯಲ್ಲಿ ಒಂದು ಚಪ್ಪಲಿ. ಮೊದಲು ಕನಸೆಂದುಕೊಂಡೆ. ಹತ್ತಿರ ಬಂದ ಮೇಲೆ ಚಪ್ಪಲಿ ನನ್ನದೆಂದು ಗುರುತು ಸಿಕ್ಕಿತು. ಅದನ್ನು ಅವನು ಹಿಡಿದಿದ್ದ ರೀತಿ ಮಾತ್ರ ವಾಪಸು ಕೊಡಲು ಬಂದವನ ಹಾಗೆ ಇರಲಿಲ್ಲ. ಜಗಲಿ ಹತ್ತಿದವನೇ ಶುರುಮಾಡಿದ. ಒಂದು ಹನಿ ಬೀಳದ ಕಣಕ್ಕೆ ಟಾರ್ಪಾಲು ಹೊದೆಸಿದ್ದು ಯಾವ ಪುಣ್ಯಾತ್ಮ ಎಂದು ನೋಡಿದರೆ ಬೇಲಿಯಲ್ಲಿ ಈ ಚಪ್ಪಲಿ ಸಿಕ್ಕಿತಂತೆ. ನಾಳೆಯೋ ನಾಡಿದ್ದೋ ಚೀಲಕ್ಕೆ ತುಂಬಬೇಕಾಗಿದ್ದ ಕಾಫಿ ಬೆವರಿ ಕೂತಿದೆಯಂತೆ, ಇನ್ನು ಮತ್ತೆ ಹರಡಿ ಒಣಗಿಸಬೇಕಂತೆ. ಮುಚ್ಚುವ ಬುದ್ಧಿ ಇದ್ದವನಿಗೆ ತೆರೆಯುವ ಬುದ್ಧಿ ಬೇಡವಾ ಮಾರಾಯ ಎಂದು ಕೇಳಿದ. ಒಂದು ವರ್ಷದಿಂದ ಕೇಳದ ದನಿ. ಬೈಗುಳವಾದರೂ ಕಿವಿಗೆ ಹಿತವಾಗಿತ್ತು. ನಾನು ಕೇಳುತ್ತ ಕೂತೆ.

ಅವನು ಬೈಯುತ್ತ ಬೈಯುತ್ತ ಕಂಬಕ್ಕೆ ಒರಗಿ ತನ್ನ ಮಾಮೂಲಿ ಜಾಗದಲ್ಲಿ ಕೂತ. ಕೂತಾಗ ನಮ್ಮ ಕಣ ಅವನಿಗೆ ಕಂಡಿತು. ಬದಿಯಲ್ಲಿ ಇನ್ನೂ ನೀರು ನಿಂತಿತ್ತು, ಮಡಿಚಿದ ಹಾಗೇ ಇದ್ದ ಟಾರ್ಪಾಲು ಅಂಗಳದ ನಡುವೆ ಶಾರದೆ ಬಿಟ್ಟಲ್ಲೇ ಬಿದ್ದಿತ್ತು. ಅವನ ಮಾತು ಅರ್ಧಕ್ಕೆ ನಿಂತಿತು.

"ನಿಮ್ಮದು ಪೂರ್ತಿ ನೆಂದಿದೆಯಲ್ಲ" ಎಂದ.

ಶಾರದೆ ಒಳಗಿಂದ ಬಂದಳು. ಮೇಲಿನ ಗೂಡಿನಲ್ಲಿ ಬೋರಲಾಗಿದ್ದ ಆ ದೊಡ್ಡ ಲೋಟ ಅವಳ ಕೈಯಲ್ಲಿತ್ತು, ತುಂಬ ಕಾಫಿ, ಹಬೆ ಏಳುತ್ತಿತ್ತು. ಕುಡಿಯಿರಿ ಎಂದು ಅವಳು ಹೇಳಲಿಲ್ಲ. ಅವನ ಪಕ್ಕದಲ್ಲಿಟ್ಟು ಬಾಗಿಲ ಬಳಿ ಹೋಗಿ ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಎದುರು ಗುಡ್ಡ ನೋಡುವವನ ಹಾಗೆ ನಟಿಸುತ್ತ ಲೋಟವನ್ನೇ ನೋಡುತ್ತಿದ್ದೆ. ಈ ಸಲವೂ ಅವನು ಕೈ ಅಡ್ಡ ಹಿಡಿದರೆ ಆ ಲೋಟ ಮತ್ತೆ ಗೂಡಿನಿಂದ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಉಪೇಂದ್ರ ಲೋಟ ಎತ್ತಿದ, ಒಮ್ಮೆ ಊದಿದ, ಒಂದು ಗುಟುಕು ಕುಡಿದ.

"ಸಕ್ಕರೆ ಕಮ್ಮಿ ಆಯ್ತು ಶಾರದಕ್ಕ" ಎಂದ.

ಶಾರದೆ ಒಳಗೆ ಹೋದ ವೇಗ ನೋಡಬೇಕಿತ್ತು. ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ, ಅವನೂ ನೋಡಿದ. ಇಬ್ಬರೂ ನೋಡದವರ ಹಾಗೆ ಇದ್ದೆವು. ಸ್ವಲ್ಪ ಹೊತ್ತಾದ ಮೇಲೆ ನಾನು, ನೀನು ಕಾಫಿ ಬಿಟ್ಟವನಲ್ಲವಾ ಎಂದು ಮೆಲ್ಲಗೆ ಕೇಳಿದೆ.

ಅವನು ಲೋಟದೊಳಗೆ ನೋಡುತ್ತ ಹೇಳಿದ: "ಅದು ಸಂಕ್ರಾಂತಿವರೆಗೂ ಇರಲಿಲ್ಲ ಮಾರಾಯ. ಮನೇಲಿ ಕುಡೀತಾನೇ ಇದ್ದೆ. ಇಲ್ಲಿಗೆ ಬಂದು ಹೇಗೆ ಕೇಳೋದು ಹೇಳು, ಬೇಡ ಅಂದು ಎದ್ದು ಹೋದವನು."

ಎರಡು ವಾರವೂ ಬಾಳದ ಒಂದು ಸಂಕಲ್ಪಕ್ಕೆ ನಾವು ಒಂದು ಇಡೀ ವರ್ಷ ಕೊಟ್ಟಿದ್ದೆವು. ಒಂದು ಮಳೆಗಾಲ, ಒಂದು ದೀಪಾವಳಿ, ಎದುರುಬದುರು ಕೂತ ಅಷ್ಟೂ ಸಂಜೆಗಳು. ನನಗೆ ಅಳು ಬರುವ ಹಾಗಾಯಿತು, ಆದರೆ ಅವನು ಎರಡನೇ ಸಲ ಕಾಫಿ ಕೇಳಿದ್ದರಿಂದ ಅದು ಹಾಗೇ ಹಿಂದೆ ಸರಿಯಿತು.

ಹೊರಡುವ ಮುಂಚೆ, ಈ ವರ್ಷ ನಿನ್ನ ಸಂಕಲ್ಪ ಎಂಥದು ಎಂದು ಕೇಳಿದ. ಇಂಥ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ. ಸಂಕಲ್ಪಗಳೆಲ್ಲ ಬರೀ ಮುರಿಯುವ ವಸ್ತುಗಳೆಂದೂ, ತಿಳಿದವರು ಒಂದು ಮೌಲ್ಯ ಆರಿಸಿಕೊಂಡು ಅದರಂತೆ ಬದುಕುತ್ತಾರೆಂದೂ ವಿವರವಾಗಿ ಹೇಳಿದೆ. ನಾನು ಆರಿಸಿಕೊಂಡದ್ದು ನಿಧಾನ ಎಂದೆ. ಏನೇ ಬಂದರೂ ಓಡದೆ, ಯೋಚಿಸಿ, ಮೆಲ್ಲಗೆ ಹೆಜ್ಜೆ ಇಡುವುದು ಎಂದೆ. ಅವನು ಪಕ್ಕದಲ್ಲಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಕೈಗೆತ್ತಿಕೊಂಡು ನೋಡಿದ. ಆಮೇಲೆ ನನ್ನ ಕಾಲಿನ ಕೆಸರನ್ನು, ಮೀನಖಂಡದ ಮೇಲಿನ ಮುಳ್ಳಿನ ಗೀರನ್ನು ನೋಡಿದ.

"ಕಾಣ್ತಾ ಇದೆ" ಎಂದ.

ಒಳಗೆ ಶಾರದೆ ನಕ್ಕಳು. ಅವನು ಬದು ಹಿಡಿದು ಹೋಗಿ, ಮಂಜು ಇಳಿಯುತ್ತಿದ್ದ ಗದ್ದೆಯ ಆಚೆ ಮರೆಯಾದ ಮೇಲೆ ನೋಡುತ್ತೇನೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದಾನೆ. ತರಲು ನಾಳೆ ಅವನ ಮನೆಗೆ ಹೋಗಬೇಕು. ಬೆವರಿದ ಕಾಫಿ ಹರಡಲಿಕ್ಕೂ ಜನ ಬೇಕಲ್ಲ. ನಿಧಾನಕ್ಕೆ ಹೋದರಾಯಿತು ಎಂದು ಶಾರದೆಗೆ ಹೇಳಿ, ಅವರ ಮನೆಯ ಬೆಳಗಿನ ಕಾಫಿ ತಪ್ಪಿಹೋಗಬಾರದೆಂದು ಫೋನಿನಲ್ಲಿ ಐದು ಗಂಟೆಗೆ ಅಲಾರಂ ಇಟ್ಟು ಮಲಗಿದೆ.